ಮೊಬೈಲ್ ಗ್ರಿಡ್‌ನಲ್ಲಿ ಇನ್‌ಫಿನಿಟ್ ಸ್ಕ್ರಾಲ್: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ಪುತ್ತಿಗೆ, ಮೂಡುಬಿದಿರೆ, ಮಿಜಾರು, ಬೆಳ್ತಂಗಡಿ, ಬಂಟ್ವಾಳದ ಕಾಲೇಜು ಮತ್ತು ಕಚೇರಿಗಳಲ್ಲಿ ಫೋಟೊ ಗ್ರಿಡ್ ಇರುವ ಆ್ಯಪ್ ಬರೆಯುತ್ತಿರುವವರಿಗೆ.

ಯಾವಾಗ: ಪ್ಲೇ ಸ್ಟೋರ್‌ಗೆ ಏರಿಸುವ ಮೊದಲು.

ಏಕೆ: ಸ್ಕ್ರಾಲ್ ತಪ್ಪಾದರೆ ನೋಡುವವರ ಡೇಟಾ ಪ್ಯಾಕ್ ಖಾಲಿಯಾಗುತ್ತದೆ. ಕಡಿಮೆ ರ‍್ಯಾಮಿನ ಫೋನಿನಲ್ಲಿ ಆ್ಯಪ್ ಮುಚ್ಚಿಹೋಗುತ್ತದೆ. ಒಂದೇ ಪುಟಕ್ಕೆ ಮತ್ತೆ ಮತ್ತೆ ರಿಕ್ವೆಸ್ಟ್ ಬಂದು ಸರ್ವರ್ ಬೀಳುತ್ತದೆ.

ಉದಾಹರಣೆ: ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳಕ್ಕೆ ಒಂದು ಫೋಟೊ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಕೆಳಗಿನ ಹೆಚ್ಚಿನ ಸಾಲುಗಳಿಗೆ ಅದೇ ಆಧಾರ.

ಮೂಲ ನಿಯಮ: ಬೇಕಾದಷ್ಟೇ ತನ್ನಿ. ಅದನ್ನೂ ಒಂದು ಸಲ ಮಾತ್ರ ತನ್ನಿ. ಮುಗಿದಾಗ ಮುಗಿಯಿತು ಎಂದು ಹೇಳಿ.

---

1. ಬೇಕೋ ಬೇಡವೋ

ಗೂಗಲ್ ತನ್ನ ಹುಡುಕು ಫಲಿತಾಂಶಗಳಿಗೆ 2021ರಲ್ಲಿ ಮೊಬೈಲ್‌ನಲ್ಲಿ ನಿರಂತರ ಸ್ಕ್ರಾಲ್ ತಂದಿತು, 2024ರಲ್ಲಿ ತೆಗೆಯಿತು. ಎಲ್ಲ ಪಟ್ಟಿಗೂ ಇದು ಹೊಂದುವುದಿಲ್ಲ.

*ಮಾಡಬೇಕಾದ್ದು*

- ಪಟ್ಟಿಯಲ್ಲಿ ಎಷ್ಟು ವಸ್ತುಗಳಿವೆ ಎಂದು ಮೊದಲು ಎಣಿಸಿ.
- ಸುಮ್ಮನೆ ನೋಡುತ್ತಾ ಹೋಗುವ ಫೋಟೊಗಳಿಗೆ ಮಾತ್ರ ಇನ್‌ಫಿನಿಟ್ ಸ್ಕ್ರಾಲ್ ಬಳಸಿ.
- ಹುಡುಕಿ ತೆಗೆಯಬೇಕಾದ ವಸ್ತುಗಳಿಗೆ ಹುಡುಕುವ ಜಾಗ ಮತ್ತು ಫಿಲ್ಟರ್ ಕೊಡಿ.
- ಸಂದೇಹವಿದ್ದರೆ 'ಇನ್ನಷ್ಟು ತೋರಿಸಿ' ಗುಂಡಿ ಹಾಕಿ.

*ಮಾಡಬಾರದ್ದು*

- ಮೂಡುಬಿದಿರೆಯ 18 ಬಸದಿಗಳ ಪಟ್ಟಿಗೆ ಇನ್‌ಫಿನಿಟ್ ಸ್ಕ್ರಾಲ್ ಬೇಡ. ಹದಿನೆಂಟನ್ನೂ ಒಂದೇ ಸಲ ತರಬಹುದು.
- ಕಂಬಳದ ಫಲಿತಾಂಶಕ್ಕೆ ಬೇಡ. ಯಾರ ಕೋಣ ಗೆದ್ದಿತು ಎಂದು ನೋಡಲು ಬಂದವರನ್ನು ಅಲೆಸಬಾರದು.
- ಸಹಾಯವಾಣಿ, ಸಂಪರ್ಕ, ನಿಯಮಗಳನ್ನು ಗ್ರಿಡ್‌ನ ತಳದಲ್ಲಿ ಇಡಬಾರದು. ಆ ತಳ ಯಾರ ಕೈಗೂ ಸಿಗುವುದಿಲ್ಲ.
- ಬೇರೆ ಆ್ಯಪ್‌ನವರು ಹಾಕಿದ್ದಾರೆಂದು ನೀವೂ ಹಾಕುವುದು ಬೇಡ.

---

2. ಯಾವ ಗ್ರಿಡ್

ಕಾಣುವ ಸೆಲ್‌ಗಳನ್ನು ಮಾತ್ರ ಕಟ್ಟಿ, ಮರೆಯಾದವನ್ನು ಬಿಟ್ಟುಕೊಡುವ ಅಥವಾ ಮರುಬಳಸುವ ಗ್ರಿಡ್ ಬೇಕು. ಇಲ್ಲದಿದ್ದರೆ ಸಾವಿರ ಫೋಟೊಗೆ ಸಾವಿರ ಸೆಲ್ ಒಮ್ಮೆಲೇ ಹುಟ್ಟುತ್ತವೆ.

*ಮಾಡಬೇಕಾದ್ದು*

- ಆಂಡ್ರಾಯ್ಡ್‌ನ ವ್ಯೂ ಪದ್ಧತಿಯಲ್ಲಿ ರಿಸೈಕ್ಲರ್‌ವ್ಯೂ ಜೊತೆಗೆ ಗ್ರಿಡ್‌ಲೇಔಟ್‌ಮ್ಯಾನೇಜರ್ ಬಳಸಿ.
- ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಲೇಜಿವರ್ಟಿಕಲ್‌ಗ್ರಿಡ್ ಬಳಸಿ.
- ಐಫೋನ್‌ನಲ್ಲಿ ಯುಐಕಲೆಕ್ಷನ್‌ವ್ಯೂ ಬಳಸಿ.
- ಫ್ಲಟರ್‌ನಲ್ಲಿ ಗ್ರಿಡ್‌ವ್ಯೂ ಬಿಲ್ಡರ್ ಬಳಸಿ.
- ರಿಯಾಕ್ಟ್ ನೇಟಿವ್‌ನಲ್ಲಿ ಫ್ಲ್ಯಾಟ್‌ಲಿಸ್ಟ್‌ಗೆ ನಮ್‌ಕಾಲಮ್ಸ್ ಕೊಡಿ.
- ಆಂಡ್ರಾಯ್ಡ್‌ನ ಹಳೆಯ ಗ್ರಿಡ್‌ವ್ಯೂ ಕೋಡ್ ಕೈಗೆ ಬಂದರೆ ಮೊದಲು ಬದಲಿಸಿ. ರಿಸೈಕ್ಲರ್‌ವ್ಯೂ 2014ರಿಂದಲೇ ಇದೆ.

*ಮಾಡಬಾರದ್ದು*

- ರಿಸೈಕ್ಲರ್‌ವ್ಯೂವನ್ನು ನೆಸ್ಟೆಡ್‌ಸ್ಕ್ರಾಲ್‌ವ್ಯೂ ಒಳಗೆ ಇಡಬಾರದು. ಮರುಬಳಕೆ ಅಲ್ಲಿಗೇ ನಿಲ್ಲುತ್ತದೆ.
- ಫ್ಲಟರ್‌ನಲ್ಲಿ ದೊಡ್ಡ ಗ್ರಿಡ್‌ಗೆ ಶ್ರಿಂಕ್‌ರ‍್ಯಾಪ್ ಬೇಡ.
- ಫ್ಲಟರ್‌ನ ಗ್ರಿಡ್‌ವ್ಯೂ ಕೌಂಟ್‌ಗೆ ಸಾವಿರ ವಿಜೆಟ್ ಕಟ್ಟಿ ಒಟ್ಟಿಗೆ ಕೊಡುವುದು ಬೇಡ.
- ರಿಯಾಕ್ಟ್ ನೇಟಿವ್‌ನ ಸ್ಕ್ರಾಲ್‌ವ್ಯೂ ಒಳಗೆ ಪಟ್ಟಿಯನ್ನು ಮ್ಯಾಪ್ ಮಾಡಿ ಸುರಿಯುವುದು ಬೇಡ.
- ಕೀ ಬದಲಿಸದೆ ನಮ್‌ಕಾಲಮ್ಸ್ ಬದಲಿಸಬಾರದು. ಆ್ಯಪ್ ದೋಷ ಎಸೆಯುತ್ತದೆ.

---

3. ಪುಟದ ಅಳತೆ

ಮೊದಲ ಪುಟ ಪರದೆ ತುಂಬದಿದ್ದರೆ ಸ್ಕ್ರಾಲ್ ಆಗುವುದೇ ಇಲ್ಲ. ಸ್ಕ್ರಾಲ್ ಆಗದಿದ್ದರೆ ಎರಡನೇ ಪುಟವನ್ನು ಯಾರೂ ಕೇಳುವುದಿಲ್ಲ. ಟ್ಯಾಬ್ಲೆಟ್‌ನಲ್ಲಿ ಆ್ಯಪ್ ಅರ್ಧಕ್ಕೇ ನಿಂತುಬಿಡುತ್ತದೆ.

*ಮಾಡಬೇಕಾದ್ದು*

- ಪುಟಕ್ಕೆ 24 ಇಡಿ. 2, 3, 4, 6 ಕಾಲಂಗಳಿಗೂ ಶೇಷವಿಲ್ಲದೆ ಭಾಗವಾಗುತ್ತದೆ.
- ಪುಟ ಬಂದ ಮೇಲೂ ಪರದೆ ತುಂಬದಿದ್ದರೆ ಕೂಡಲೇ ಮುಂದಿನದನ್ನು ಕೇಳಿ.
- ಕಾಲಂಗಳ ಸಂಖ್ಯೆಯನ್ನು ಪರದೆಯ ಅಗಲದಿಂದ ಲೆಕ್ಕ ಹಾಕಿ.
- ಆಂಡ್ರಾಯ್ಡ್‌ನ ಪೇಜಿಂಗ್ 3 ಲೈಬ್ರರಿ ಬಳಸಿದರೆ ಮೊದಲ ಲೋಡ್ ಪುಟದ ಮೂರರಷ್ಟು ಕೇಳುತ್ತದೆಂದು ಸರ್ವರ್ ಬರೆಯುವವರಿಗೆ ತಿಳಿಸಿ.
- 'ಲೋಡ್ ಆಗುತ್ತಿದೆ' ಎಂಬ ಸಾಲು ಎಲ್ಲ ಕಾಲಂಗಳ ಅಗಲ ಹಿಡಿಯುವಂತೆ ಸ್ಪ್ಯಾನ್ ಹೊಂದಿಸಿ.

*ಮಾಡಬಾರದ್ದು*

- ಪುಟಕ್ಕೆ 5 ಬೇಡ. ಎರಡು ಸಾಲಿಗೊಮ್ಮೆ ಕಾಯಿಸುತ್ತದೆ.
- ಪುಟಕ್ಕೆ 200 ಬೇಡ. ಮೊದಲ ಫೋಟೊ ಕಾಣುವಷ್ಟರಲ್ಲಿ ನೋಡುವವರು ಹೊರಟುಹೋಗಿರುತ್ತಾರೆ.
- ಕಾಲಂಗಳ ಸಂಖ್ಯೆ 2 ಎಂದು ಕೋಡಿನಲ್ಲಿ ಕಾಯಂ ಬರೆದಿಡುವುದು ಬೇಡ.
- 24ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಪಟ್ಟಿ ಮುಗಿಯಿತೆಂದು ತೀರ್ಮಾನಿಸಬಾರದು. ಅಳಿಸಿದ ಫೋಟೊಗಳನ್ನು ಸರ್ವರ್ ಸೋಸಿ ತೆಗೆದಿರಬಹುದು.

---

4. ಯಾವಾಗ ಕೇಳಬೇಕು

ಬೆರಳು ಒಮ್ಮೆ ಎಳೆದರೆ ಸ್ಕ್ರಾಲ್ ಲಿಸನರ್ ಹತ್ತಾರು ಸಲ ಓಡುತ್ತದೆ. ಬೀಗ ಹಾಕದಿದ್ದರೆ ಅಷ್ಟೂ ಸಲ ಅದೇ ಪುಟಕ್ಕೆ ರಿಕ್ವೆಸ್ಟ್ ಹೋಗುತ್ತದೆ. ಕಂಬಳದ ರಾತ್ರಿ ಸರ್ವರ್ ಬೀಳುವುದು ಹೀಗೆ.

*ಮಾಡಬೇಕಾದ್ದು*

- ಕೊನೆಯ ಸೆಲ್‌ಗೆ ಎರಡು ಮೂರು ಸಾಲು ಇರುವಾಗಲೇ ಕೇಳಿ.
- ದೂರವನ್ನು ಸಾಲಿನಲ್ಲಿ ಎಣಿಸಿ. 3 ಕಾಲಂಗಳಿದ್ದರೆ 3 ಸಾಲು ಅಂದರೆ 9 ಸೆಲ್.
- 'ಲೋಡ್ ಆಗುತ್ತಿದೆ' ಫ್ಲ್ಯಾಗ್ ಇಡಿ.
- ರಿಕ್ವೆಸ್ಟ್ ಕಳಿಸುವ ಮೊದಲೇ ಆ ಫ್ಲ್ಯಾಗ್ ಏರಿಸಿ.
- ಗೆದ್ದರೂ, ಸೋತರೂ, ರದ್ದಾದರೂ ಫ್ಲ್ಯಾಗ್ ಇಳಿಸಿ.
- 'ಮುಗಿಯಿತು' ಫ್ಲ್ಯಾಗ್ ಬೇರೆಯೇ ಇಡಿ.
- ರಿಯಾಕ್ಟ್ ನೇಟಿವ್‌ನ ಆನ್‌ಎಂಡ್‌ರೀಚ್ಡ್‌ಥ್ರೆಶೋಲ್ಡ್‌ಗೆ 0.5ರಂಥ ಅನುಪಾತ ಕೊಡಿ. 0.5 ಅಂದರೆ ಕಾಣುವ ಪಟ್ಟಿಯ ಅರ್ಧದಷ್ಟು ದೂರ, ಪಿಕ್ಸೆಲ್ ಅಲ್ಲ.
- ಫ್ಲಟರ್‌ನಲ್ಲಿ ಪರದೆ ಮುಚ್ಚುವಾಗ ಸ್ಕ್ರಾಲ್‌ಕಂಟ್ರೋಲರ್ ಡಿಸ್ಪೋಸ್ ಮಾಡಿ.

*ಮಾಡಬಾರದ್ದು*

- ಸ್ಕ್ರಾಲ್ ಸ್ಥಾನ ತಳಕ್ಕೆ ಸರಿಸಮ ಆಗಲಿ ಎಂದು ಕಾಯಬಾರದು. ದಶಾಂಶದ ವ್ಯತ್ಯಾಸದಲ್ಲಿ ತಪ್ಪಿಹೋಗುತ್ತದೆ.
- ಸೆಲ್ ಕಟ್ಟುವ ಫಂಕ್ಷನ್ನಿನಿಂದ ನೇರ ನೆಟ್‌ವರ್ಕ್ ಕರೆ ಮಾಡಬಾರದು.
- ಮೇಲಕ್ಕೆ ಎಳೆಯುವಾಗ ಮುಂದಿನ ಪುಟ ಕೇಳಬಾರದು.
- ನೋಡುವವರು ಒಂದೆಡೆ ನಿಂತಿರುವಾಗ ಹಿನ್ನೆಲೆಯಲ್ಲಿ ಪುಟದ ಮೇಲೆ ಪುಟ ಎಳೆಯುವುದು ಬೇಡ.
- ಪೇಜಿಂಗ್ 3 ಹಾಕಿದ ಮೇಲೆ ನಿಮ್ಮದೇ ಸ್ಕ್ರಾಲ್ ಲಿಸನರ್ ಬೇಡ. ಪ್ರಿಫೆಚ್‌ಡಿಸ್ಟೆನ್ಸ್ ಸಾಕು.

---

5. ಸರ್ವರ್ ಹೇಗೆ ಕೊಡಬೇಕು

ಕಂಬಳ ರಾತ್ರಿಯಿಡೀ ನಡೆಯುತ್ತದೆ; ಮೇಲಿನಿಂದ ಹೊಸ ಫೋಟೊ ಸೇರುತ್ತಲೇ ಇರುತ್ತವೆ. 24 ಫೋಟೊ ನೋಡಿ ಮುಗಿಸುವಷ್ಟರಲ್ಲಿ 5 ಹೊಸದು ಸೇರಿದವು ಎಂದಿಟ್ಟುಕೊಳ್ಳಿ. ಪುಟ ಸಂಖ್ಯೆಯಿಂದ ಕೇಳಿದರೆ ಎರಡನೇ ಪುಟದ ಮೊದಲ 5 ಈಗಾಗಲೇ ನೋಡಿದವೇ. 5 ಅಳಿಸಿದರೆ ಬೇರೆ 5 ನೋಡುವವರಿಗೆ ಕಾಣದೆ ಜಾರಿಹೋಗುತ್ತವೆ.

*ಮಾಡಬೇಕಾದ್ದು*

- ಪುಟ ಸಂಖ್ಯೆ ಬಿಟ್ಟು ಕರ್ಸರ್ ಬಳಸಿ: 'ಈ ಫೋಟೊದ ನಂತರದ 24 ಕೊಡು' ಎಂದು ಕೇಳಿ.
- ಸಮಯದ ಜೊತೆ ಐಡಿಯನ್ನೂ ಸೇರಿಸಿ ಕ್ರಮ ಮಾಡಿ. ಒಂದೇ ಸೆಕೆಂಡಿನಲ್ಲಿ ಹಲವು ಫೋಟೊ ಬರುತ್ತವೆ.
- ಆ ಎರಡಕ್ಕೂ ಸೇರಿ ಡೇಟಾಬೇಸ್‌ನಲ್ಲಿ ಒಂದು ಇಂಡೆಕ್ಸ್ ಹಾಕಿ.
- ಪ್ರತಿ ಉತ್ತರದಲ್ಲೂ ಮುಂದಿನ ಕರ್ಸರ್ ಕಳಿಸಿ.
- ಪಟ್ಟಿ ಮುಗಿದಾಗ ಕರ್ಸರ್ ಜಾಗದಲ್ಲಿ ನಲ್ ಕಳಿಸಿ.
- ಪ್ರತಿ ಫೋಟೊಗೆ ಎಂದೂ ಬದಲಾಗದ ಐಡಿ ಕೊಡಿ.
- ಫೋನಿನಲ್ಲೂ ಐಡಿ ನೋಡಿ ನಕಲುಗಳನ್ನು ತೆಗೆದುಹಾಕಿ.
- ಒಂದು ರಿಕ್ವೆಸ್ಟ್‌ಗೆ ಗರಿಷ್ಠ ಎಷ್ಟು ಎಂಬ ಮಿತಿಯನ್ನು ಸರ್ವರ್‌ನಲ್ಲೇ ಇಡಿ.

*ಮಾಡಬಾರದ್ದು*

- ಆಫ್‌ಸೆಟ್ 10,000 ಎಂದು ಕೇಳುವುದು ಬೇಡ. ಡೇಟಾಬೇಸ್ 10,000 ಸಾಲು ದಾಟಿ ಅವನ್ನು ಎಸೆದು, 24 ಕೊಡುತ್ತದೆ.
- ಊರ ಹೆಸರನ್ನು ಐಡಿ ಮಾಡಬಾರದು. ಪುತ್ತಿಗೆ ಮೂಡುಬಿದಿರೆ ಬಳಿಯೂ ಇದೆ, ಕಾಸರಗೋಡು ಜಿಲ್ಲೆಯಲ್ಲೂ ಇದೆ.
- ಅಪ್‌ಲೋಡ್ ಸಮಯಕ್ಕೆ ಫೋನಿನ ಗಡಿಯಾರ ನಂಬಬಾರದು.
- ಪ್ರತಿ ಪುಟಕ್ಕೂ ಹೊಸದಾಗಿ ಕಲಸಿದ ಕ್ರಮ ಬೇಡ.
- ಕರ್ಸರ್‌ನ ಒಳಗೇನಿದೆ ಎಂದು ಆ್ಯಪ್ ಬಿಡಿಸಿ ಓದಬಾರದು. ಬಂದದ್ದನ್ನು ಬಂದ ಹಾಗೇ ಹಿಂದಿರುಗಿಸಬೇಕು.

---

6. ಫಿಲ್ಟರ್ ಬದಲಾದಾಗ

ಕಂಬಳದಲ್ಲಿ ಆರು ವಿಭಾಗಗಳು: ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಹಗ್ಗ ಹಿರಿಯ ಒತ್ತಿದ ಬೆನ್ನಿಗೇ ನೇಗಿಲು ಕಿರಿಯ ಒತ್ತಿದರೆ ಎರಡು ರಿಕ್ವೆಸ್ಟ್ ಓಡುತ್ತವೆ. ಮೊದಲನೆಯದು ತಡವಾಗಿ ಬಂದರೆ ನೇಗಿಲು ಕಿರಿಯದ ಕೆಳಗೆ ಹಗ್ಗ ಹಿರಿಯದ ಕೋಣಗಳು ಬಂದು ನಿಲ್ಲುತ್ತವೆ.

*ಮಾಡಬೇಕಾದ್ದು*

- ಫಿಲ್ಟರ್ ಬದಲಾದ ಕೂಡಲೇ ಹಳೆಯ ರಿಕ್ವೆಸ್ಟ್ ರದ್ದುಮಾಡಿ.
- ಪ್ರತಿ ರಿಕ್ವೆಸ್ಟ್‌ಗೂ ಆಗಿನ ಫಿಲ್ಟರ್‌ನ ಗುರುತು ಅಂಟಿಸಿ.
- ಉತ್ತರ ಬಂದಾಗ ಗುರುತು ಹೊಂದದಿದ್ದರೆ ಎಸೆಯಿರಿ.
- ಪಟ್ಟಿ ಖಾಲಿ ಮಾಡಿ.
- ಕರ್ಸರ್ ಮತ್ತು 'ಮುಗಿಯಿತು' ಫ್ಲ್ಯಾಗ್ ಮೊದಲ ಸ್ಥಿತಿಗೆ ತನ್ನಿ.
- ಗ್ರಿಡ್ ಅನ್ನು ಮೇಲಕ್ಕೆ ಒಯ್ಯಿರಿ.
- ಹುಡುಕು ಪದ ಟೈಪ್ ಮಾಡುವಾಗ ಸುಮಾರು 300 ಮಿಲಿಸೆಕೆಂಡ್ ಕಾದು ಕೇಳಿ.

*ಮಾಡಬಾರದ್ದು*

- ಕೈಯಲ್ಲಿರುವ 24 ಫೋಟೊಗಳ ಮೇಲೆ ಮಾತ್ರ ಫಿಲ್ಟರ್ ಓಡಿಸಬಾರದು. ಸರ್ವರ್‌ನಲ್ಲಿ ನೂರಿದ್ದರೂ ಪರದೆಯಲ್ಲಿ ಒಂದು ಕಾಣುತ್ತದೆ.
- ಹಳೆಯ ವಿಭಾಗದ ಕರ್ಸರ್ ಅನ್ನು ಹೊಸ ವಿಭಾಗಕ್ಕೆ ಕಳಿಸಬಾರದು.
- ಆರೂ ವಿಭಾಗಗಳನ್ನು ಮೊದಲೇ ಲೋಡ್ ಮಾಡಿಡುವುದು ಬೇಡ.
- ಫಲಿತಾಂಶ ಸೊನ್ನೆಯಾದರೆ ಬಿಳಿ ಪರದೆ ಬೇಡ. 'ಈ ವಿಭಾಗದಲ್ಲಿ ಫೋಟೊ ಇಲ್ಲ' ಎಂದು ಬರೆಯಬೇಕು.

---

7. ಚಿತ್ರ

4000×3000 ಪಿಕ್ಸೆಲ್‌ನ ಫೋಟೊ ಫೈಲ್‌ನಲ್ಲಿ 3 ಎಂಬಿ ಇರಬಹುದು. ಪರದೆಗೆ ಬಿಡಿಸಿದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ ಆಗುತ್ತದೆ. ಹತ್ತು ಸೆಲ್‌ಗೆ 480 ಎಂಬಿ. ಆ್ಯಪ್ ಅಲ್ಲಿಗೇ ಮುಚ್ಚುತ್ತದೆ. 360×360ರ ಥಂಬ್‌ನೇಲ್ ಆದರೆ ಅರ್ಧ ಎಂಬಿ.

*ಮಾಡಬೇಕಾದ್ದು*

- ಥಂಬ್‌ನೇಲ್‌ಗಳನ್ನು ಸರ್ವರ್‌ನಲ್ಲೇ ತಯಾರಿಸಿಡಿ.
- ಗ್ರಿಡ್‌ನಲ್ಲಿ ಥಂಬ್‌ನೇಲ್ ಮಾತ್ರ ತೋರಿಸಿ.
- ಪೂರ್ಣ ಚಿತ್ರವನ್ನು ಒತ್ತಿದ ಮೇಲೆ ತೆರೆಯಿರಿ.
- ಚಿತ್ರದ ಅಗಲ, ಎತ್ತರವನ್ನು ಪಟ್ಟಿಯ ಜೊತೆಗೇ ಕಳಿಸಿ.
- ಚಿತ್ರ ಬರುವ ಮೊದಲೇ ಸೆಲ್‌ಗೆ ಅಷ್ಟು ಜಾಗ ಹಿಡಿದಿಡಿ.
- ಆಂಡ್ರಾಯ್ಡ್‌ನಲ್ಲಿ ಗ್ಲೈಡ್ ಅಥವಾ ಕಾಯಿಲ್ ಲೈಬ್ರರಿಗೆ ಸೆಲ್‌ನ ಅಳತೆ ಕೊಡಿ.
- ಫ್ಲಟರ್‌ನಲ್ಲಿ ಕ್ಯಾಶ್‌ವಿಡ್ತ್ ಕೊಡಿ.
- ಸೆಲ್ ಮರೆಯಾದಾಗ ಅದರ ಚಿತ್ರದ ಡೌನ್‌ಲೋಡ್ ನಿಲ್ಲಿಸಿ.
- ಡಿಸ್ಕ್ ಕ್ಯಾಶ್‌ಗೆ ಮಿತಿ ಇಡಿ.

*ಮಾಡಬಾರದ್ದು*

- ವೇಣೂರಿನ 35 ಅಡಿ ಬಾಹುಬಲಿಯನ್ನು ಚೌಕ ಸೆಲ್‌ಗೆ ಕತ್ತರಿಸುವುದು ಬೇಡ. ತಲೆ ಅಥವಾ ಪಾದ ಹೋಗುತ್ತದೆ.
- ತಾಳೆಗರಿಯ ಉದ್ದನೆಯ ಚಿತ್ರವನ್ನು ಚೌಕಕ್ಕೆ ಹಿಸುಕುವುದೂ ಬೇಡ.
- ಮರುಬಳಕೆಗೆ ಬಂದ ಸೆಲ್‌ನಲ್ಲಿ ಹಿಂದಿನ ಚಿತ್ರ ಉಳಿಯಲು ಬಿಡಬಾರದು. ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ಮುಖ ಕಾಣುತ್ತದೆ.
- ಚಿತ್ರವನ್ನು ಬೇಸ್64 ಮಾಡಿ ಜೇಸನ್ ಒಳಗೆ ತುರುಕುವುದು ಬೇಡ.
- ಮೇನ್ ಥ್ರೆಡ್‌ನಲ್ಲಿ ಚಿತ್ರ ಬಿಡಿಸಬಾರದು.
- ಗ್ರಿಡ್‌ನಲ್ಲಿ ವಿಡಿಯೊ ತಾನಾಗಿ ಓಡುವುದು ಬೇಡ.

---

8. ಸರಾಗ ಓಟ, ಮೆಮೊರಿ

60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. 120 ಹರ್ಟ್ಸ್‌ನಲ್ಲಿ 8. ಅದನ್ನು ಮೀರಿದರೆ ಗ್ರಿಡ್ ಎಡವುತ್ತದೆ. ಮೇನ್ ಥ್ರೆಡ್ ಸಿಕ್ಕಿಕೊಂಡು ಸ್ಪರ್ಶಕ್ಕೆ 5 ಸೆಕೆಂಡ್ ಉತ್ತರ ಬಾರದಿದ್ದರೆ ಆ್ಯಪ್ ಮುಚ್ಚಲೇ ಎಂದು ಆಂಡ್ರಾಯ್ಡ್ ಕೇಳುತ್ತದೆ.

*ಮಾಡಬೇಕಾದ್ದು*

- ಹೊಸ ಪುಟ ಬಂದಾಗ ಹೊಸ ಸೆಲ್‌ಗಳನ್ನಷ್ಟೇ ಸೇರಿಸಿ.
- ವ್ಯತ್ಯಾಸ ಕಂಡುಹಿಡಿಯಲು ಆಂಡ್ರಾಯ್ಡ್‌ನಲ್ಲಿ ಡಿಫ್‌ಯುಟಿಲ್ ಬಳಸಿ.
- ಕಂಪೋಸ್, ಫ್ಲ್ಯಾಟ್‌ಲಿಸ್ಟ್‌ಗಳಲ್ಲಿ ಫೋಟೊದ ಐಡಿಯನ್ನೇ ಕೀ ಮಾಡಿ.
- ಜೇಸನ್ ಓದುವುದು, ದಿನಾಂಕ ಬರೆಯುವುದು ಮುಂತಾದ ಕೆಲಸ ಮೇನ್ ಥ್ರೆಡ್‌ನಿಂದ ಹೊರಗೆ ಮಾಡಿ.
- ಪೇಜಿಂಗ್ 3ರಲ್ಲಿ ಮ್ಯಾಕ್ಸ್‌ಸೈಜ್ ಹೊಂದಿಸಿ. ಹೊಂದಿಸದಿದ್ದರೆ ಅದಕ್ಕೆ ಮಿತಿಯೇ ಇಲ್ಲ.

*ಮಾಡಬಾರದ್ದು*

- ಪ್ರತಿ ಪುಟಕ್ಕೂ ನೋಟಿಫೈಡೇಟಾಸೆಟ್‌ಚೇಂಜ್ಡ್ ಕರೆಯುವುದು ಬೇಡ. ಇಡೀ ಗ್ರಿಡ್ ಮಿನುಗುತ್ತದೆ.
- ಸೆಲ್‌ನ ಸ್ಥಾನ ಸಂಖ್ಯೆಯನ್ನು ಕೀ ಮಾಡಬಾರದು.
- ಪೂರ್ತಿ ಪಟ್ಟಿಯನ್ನು ಬಂಡಲ್‌ಗೆ ತುಂಬಿ ಉಳಿಸಬಾರದು. ಆ ದಾರಿಗೆ 1 ಎಂಬಿ ಮಿತಿ ಇದೆ. ಮೀರಿದರೆ ಆ್ಯಪ್ ಬೀಳುತ್ತದೆ.
- ಪ್ರತಿ ಸೆಲ್‌ಗೂ ನೆರಳು, ಮಸುಕು, ಅನಿಮೇಷನ್ ಬೇಡ.

---

9. ಸಿಗ್ನಲ್ ಹೋದಾಗ

ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಕಡಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಹಳ ಹೊತ್ತಾದರೆ ಟವರ್ ಕೂಡ ಸುಮ್ಮನಾಗುತ್ತದೆ. ಈ ಸೀಮೆಯಲ್ಲಿ ಇದು ಅಪರೂಪವಲ್ಲ; ಇದಕ್ಕೆ ತಯಾರಾಗದ ಆ್ಯಪ್ ಇಲ್ಲಿ ನಡೆಯುವುದಿಲ್ಲ.

*ಮಾಡಬೇಕಾದ್ದು*

- ಬಂದಿರುವ ಫೋಟೊಗಳನ್ನು ಪರದೆಯಲ್ಲೇ ಉಳಿಸಿ.
- ಕೊನೆಯ ಸಾಲಿನಲ್ಲಿ 'ನೆಟ್ ಇಲ್ಲ. ಮತ್ತೆ ಪ್ರಯತ್ನಿಸಿ' ಗುಂಡಿ ಹಾಕಿ.
- ಪ್ರತಿ ರಿಕ್ವೆಸ್ಟ್‌ಗೂ ಸಮಯದ ಗಡಿ ಇಡಿ.
- ತಾನಾಗಿ ಮರುಪ್ರಯತ್ನಿಸುವಾಗ 1, 2, 4, 8 ಸೆಕೆಂಡ್ ಎಂದು ಅಂತರ ಹೆಚ್ಚಿಸಿ.
- ಆ ಅಂತರಕ್ಕೆ ಸ್ವಲ್ಪ ಏರುಪೇರು ಬೆರೆಸಿ. ಟವರ್ ಮರಳಿದಾಗ ಎಲ್ಲ ಫೋನ್‌ಗಳೂ ಒಂದೇ ಕ್ಷಣಕ್ಕೆ ಮುಗಿಬೀಳುವುದು ತಪ್ಪುತ್ತದೆ.
- ಸರ್ವರ್ 429 ಎಂದರೆ ಅದು ಹೇಳಿದಷ್ಟು ಹೊತ್ತು ಕಾಯಿರಿ.
- ನೋಡಿದ ಪುಟಗಳನ್ನು ಫೋನಿನ ಡೇಟಾಬೇಸ್‌ನಲ್ಲಿ ಇಡಿ. ಆಂಡ್ರಾಯ್ಡ್‌ನಲ್ಲಿ ರೂಮ್ ಮತ್ತು ರಿಮೋಟ್‌ಮೀಡಿಯೇಟರ್ ಇದಕ್ಕೇ ಇವೆ.
- ಡೇಟಾ ಸೇವರ್ ಆನ್ ಇದ್ದರೆ ಮುಂಚಿತ ಲೋಡ್ ನಿಲ್ಲಿಸಿ.

*ಮಾಡಬಾರದ್ದು*

- ಮೂರನೇ ಪುಟ ಸೋತರೆ ಮೊದಲೆರಡನ್ನು ಅಳಿಸಿ ಪರದೆ ತುಂಬ ದೋಷ ತೋರಿಸುವುದು ಬೇಡ.
- ಸೋತ ರಿಕ್ವೆಸ್ಟ್‌ಗೆ ಕರ್ಸರ್ ಮುಂದೆ ಸರಿಸಬಾರದು. ಆ 24 ಫೋಟೊ ಮತ್ತೆಂದೂ ಬರುವುದಿಲ್ಲ.
- ದೋಷವನ್ನು 'ಪಟ್ಟಿ ಮುಗಿಯಿತು' ಎಂದು ತೋರಿಸಬಾರದು.
- ಸುತ್ತುತ್ತಲೇ ಇರುವ ಚಕ್ರ ಬೇಡ.
- ಕೊನೆಯಿಲ್ಲದ ಮರುಪ್ರಯತ್ನ ಬೇಡ. ಬ್ಯಾಟರಿ ಇಳಿಯುತ್ತದೆ.
- 'ಎರರ್ 500' ಎಂದು ಬರೆದು ಬಿಟ್ಟುಬಿಡುವುದು ಬೇಡ.

---

10. ನೋಡುತ್ತಿದ್ದ ಜಾಗ

300ನೇ ಫೋಟೊ ತೆರೆದು ಹಿಂದೆ ಬಂದವರು ಮತ್ತೆ 1ರಲ್ಲಿ ನಿಂತರೆ, ಎರಡನೇ ಸಲ ಯಾರೂ ಕೆಳಗಿಳಿಯುವುದಿಲ್ಲ.

*ಮಾಡಬೇಕಾದ್ದು*

- ಫೋಟೊ ತೆರೆದು ಮುಚ್ಚಿದ ಮೇಲೆ ಅದೇ ಸಾಲಿಗೆ ಮರಳಿಸಿ.
- ಫೋನ್ ತಿರುಗಿಸಿದಾಗ ಮೇಲೆ ಕಾಣುತ್ತಿದ್ದ ಫೋಟೊವನ್ನೇ ಮತ್ತೆ ಮೇಲೆ ಇಡಿ.
- ಆ ಫೋಟೊದ ಐಡಿ ಮತ್ತು ಕರ್ಸರ್ ಮಾತ್ರ ಉಳಿಸಿ.
- ಹೊಸ ಫೋಟೊ ಬಂದರೆ ಮೇಲೊಂದು ಸಣ್ಣ ಪಟ್ಟಿಯಲ್ಲಿ 'ಹೊಸ ಫೋಟೊಗಳಿವೆ' ಎಂದು ತಿಳಿಸಿ.
- ಕೆಳಗೆ ಹೋದವರಿಗೆ 'ಮೇಲಕ್ಕೆ' ಗುಂಡಿ ಕೊಡಿ.

*ಮಾಡಬಾರದ್ದು*

- ನೋಡುತ್ತಿರುವಾಗಲೇ ಮೇಲಿನಿಂದ ಹೊಸ ಫೋಟೊ ತುರುಕಿ ಗ್ರಿಡ್ ಜಾರಿಸಬಾರದು. ಒಂದರ ಮೇಲೆ ಒತ್ತಲು ಹೋದ ಬೆರಳು ಇನ್ನೊಂದರ ಮೇಲೆ ಬೀಳುತ್ತದೆ.
- ಆ್ಯಪ್ ಬದಲಿಸಿ ಮರಳಿದವರಿಗೆ ಇಡೀ ಗ್ರಿಡ್ ಮತ್ತೆ ಲೋಡ್ ಮಾಡುವುದು ಬೇಡ.
- ಉಳಿಸುವಾಗ ಪಿಕ್ಸೆಲ್ ಎತ್ತರ ನಂಬಬಾರದು. ಕಾಲಂ ಬದಲಾದರೆ ಲೆಕ್ಕ ತಪ್ಪುತ್ತದೆ.

---

11. ಕನ್ನಡ ಅಕ್ಷರ

ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಅಳೆದ ಎತ್ತರದಲ್ಲಿ ಅದು ಕತ್ತರಿಸಿಹೋಗಿ ಹೆಸರೇ ಬೇರೆಯಾಗಿ ಕಾಣುತ್ತದೆ.

*ಮಾಡಬೇಕಾದ್ದು*

- ಶೀರ್ಷಿಕೆಗೆ ಎರಡು ಸಾಲು ಬಿಡಿ.
- 'ಕ್ಷೇತ್ರ', 'ಪುತ್ತಿಗೆ', 'ಬೆಳ್ತಂಗಡಿ' ಬರೆದು ಸಾಲಿನ ಎತ್ತರ ಪರೀಕ್ಷಿಸಿ.
- ಉದ್ದ ಹೆಸರನ್ನು ಪೂರ್ಣ ಅಕ್ಷರದ ಗಡಿಯಲ್ಲಿ ಕತ್ತರಿಸಿ.
- ಹುಡುಕುವ ಮೊದಲು ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಓತ್ವವನ್ನು ಒಂದಕ್ಕಿಂತ ಹೆಚ್ಚು ವಿಧದಲ್ಲಿ ಸಂಗ್ರಹಿಸಲು ಸಾಧ್ಯ.
- ಮೂಡುಬಿದಿರೆ, ಮೂಡಬಿದ್ರಿ, ಮೂಡುಬಿದ್ರೆ ಮೂರನ್ನೂ ಒಂದೇ ಊರಿಗೆ ಹೊಂದಿಸಿ.

*ಮಾಡಬಾರದ್ದು*

- ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಪಠ್ಯವನ್ನು ಹಾಗೇ ಸುರಿಯಬಾರದು. ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.
- ಕೋಡ್‌ಪಾಯಿಂಟ್ ಎಣಿಸಿ ಹೆಸರು ಕತ್ತರಿಸಬಾರದು. ಅರ್ಧ ಅಕ್ಷರ ಉಳಿಯುತ್ತದೆ.
- ಅಕ್ಷರಗಳ ನಡುವೆ ಅಂತರ ಎಳೆಯುವುದು ಬೇಡ.
- ಹೆಸರನ್ನು ಚಿತ್ರದೊಳಗೇ ಬರೆದಿಡುವುದು ಬೇಡ. ಹುಡುಕಿದರೆ ಸಿಗದು, ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಓದದು.

---

12. ಎಲ್ಲರ ಕೈಗೂ ಎಟುಕಬೇಕು

*ಮಾಡಬೇಕಾದ್ದು*

- ಒತ್ತುವ ಪ್ರತಿ ಜಾಗಕ್ಕೂ ಕನಿಷ್ಠ 48 ಡಿಪಿ ಅಳತೆ ಕೊಡಿ.
- ಪ್ರತಿ ಫೋಟೊಗೂ ಕನ್ನಡದಲ್ಲಿ ವಿವರ ಬರೆಯಿರಿ.
- ಹೊಸ ಪುಟ ಬಂದಾಗ '24 ಫೋಟೊ ಸೇರಿದವು' ಎಂದು ಟಾಕ್‌ಬ್ಯಾಕ್‌ಗೆ ತಿಳಿಸಿ.
- ಅಕ್ಷರದ ಗಾತ್ರ ದೊಡ್ಡದು ಮಾಡಿದರೆ ಕಾಲಂ ಕಡಿಮೆ ಮಾಡಿ.

*ಮಾಡಬಾರದ್ದು*

- ಹೊಸ ಪುಟ ಬಂದಾಗ ಟಾಕ್‌ಬ್ಯಾಕ್‌ನ ಗಮನವನ್ನು ಮೇಲಕ್ಕೆ ಎಸೆಯಬಾರದು.
- ಗೆದ್ದವರನ್ನು ಬಣ್ಣದಿಂದ ಮಾತ್ರ ಗುರುತಿಸುವುದು ಬೇಡ.
- 'ಚಿತ್ರ 1', 'ಚಿತ್ರ 2' ಎಂಬ ವಿವರ ಬೇಡ.

---

13. ನೋಡುವವರ ಹೊತ್ತು

ಇನ್‌ಫಿನಿಟ್ ಸ್ಕ್ರಾಲ್ ಅನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಮುಂದೆ ಅದರ ಬಗ್ಗೆ ಬಹಿರಂಗವಾಗಿಯೇ ವಿಷಾದಿಸಿದರು. ಭಾರತದಲ್ಲಿ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ಮರೆಮಾಚಿದ ಜಾಹೀರಾತು ಅವುಗಳಲ್ಲಿ ಒಂದು.

*ಮಾಡಬೇಕಾದ್ದು*

- ಪಟ್ಟಿ ಮುಗಿದಾಗ 'ಇಲ್ಲಿಗೆ ಮುಗಿಯಿತು' ಎಂದು ಬರೆಯಿರಿ.
- ದಿನಾಂಕ ಅಥವಾ ವಿಭಾಗದ ತಲೆಬರಹ ನಡುವೆ ಹಾಕಿ. ಎಲ್ಲಿದ್ದೇವೆಂದು ತಿಳಿಯಬೇಕು.
- ಜಾಹೀರಾತಿನ ಸೆಲ್ ಮೇಲೆ 'ಜಾಹೀರಾತು' ಎಂದು ಓದುವಷ್ಟು ದೊಡ್ಡದಾಗಿ ಬರೆಯಿರಿ.
- ಮಕ್ಕಳ ಆ್ಯಪ್ ಆದರೆ ಗುಂಡಿ ಒತ್ತಿದ ಮೇಲಷ್ಟೇ ಮುಂದಿನ ಪುಟ ತನ್ನಿ.

*ಮಾಡಬಾರದ್ದು*

- ಪಟ್ಟಿ ಮುಗಿದ ಮೇಲೆ ಹಳೆಯ ಫೋಟೊಗಳನ್ನೇ ಹೊಸದೆಂದು ಮತ್ತೆ ತೋರಿಸಬಾರದು.
- ಏನೂ ಲೋಡ್ ಆಗದಿರುವಾಗ ಚಕ್ರ ತಿರುಗಿಸುವುದು ಬೇಡ.
- ಜಾಹೀರಾತಿಗೆ ಫೋಟೊದ ವೇಷ ಹಾಕಬಾರದು.
- ಬೆರಳು ಒತ್ತುವ ಕ್ಷಣಕ್ಕೆ ಜಾಹೀರಾತು ತಂದು ನುಗ್ಗಿಸಬಾರದು.

---

14. ಬಿಡುಗಡೆಗೆ ಮೊದಲು

*ಮಾಡಬೇಕಾದ್ದು*

- 0, 1, 24, 25 ಮತ್ತು 10,000 ಫೋಟೊ ಇಟ್ಟು ಬೇರೆ ಬೇರೆಯಾಗಿ ಪರೀಕ್ಷಿಸಿ.
- ಲೋಡ್ ನಡುವೆ ಏರೋಪ್ಲೇನ್ ಮೋಡ್ ಹಾಕಿ ನೋಡಿ.
- ಲೋಡ್ ನಡುವೆ ಫೋನ್ ತಿರುಗಿಸಿ ನೋಡಿ.
- ಡೆವಲಪರ್ ಆಯ್ಕೆಯಲ್ಲಿ 'ಡೋಂಟ್ ಕೀಪ್ ಆ್ಯಕ್ಟಿವಿಟೀಸ್' ಹಾಕಿ ನೋಡಿ.
- ಹತ್ತು ಪುಟ ಇಳಿದು, ಸರ್ವರ್ ಲಾಗ್‌ನಲ್ಲಿ ಯಾವ ಪುಟಕ್ಕೂ ಎರಡು ರಿಕ್ವೆಸ್ಟ್ ಬಂದಿಲ್ಲವೇ ಎಂದು ನೋಡಿ.
- ಮೆಮೊರಿ ಪ್ರೊಫೈಲರ್ ತೆರೆದಿಟ್ಟು ತಳದವರೆಗೆ ಇಳಿದು ಮೇಲಕ್ಕೆ ಬನ್ನಿ. ಗೆರೆ ಇಳಿಯದಿದ್ದರೆ ಸೋರಿಕೆ ಹುಡುಕಿ.
- ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಮೊಬೈಲ್ ಡೇಟಾದಲ್ಲಿ ಬಳಸಿ.
- ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ಬಳಸಿ.

*ಮಾಡಬಾರದ್ದು*

- ಕ್ಯಾಂಪಸ್ ವೈಫೈಯಲ್ಲಿ ಓಡಿತೆಂದು ಒಪ್ಪಬಾರದು.
- ಎಮ್ಯುಲೇಟರ್ ಒಂದನ್ನೇ ನಂಬಬಾರದು.
- ಡಿಬಗ್ ಬಿಲ್ಡ್‌ನಲ್ಲಿ ವೇಗ ಅಳೆಯುವುದು ಬೇಡ.
- ಕಂಬಳದ ಹಿಂದಿನ ದಿನ ಹೊಸ ಆವೃತ್ತಿ ಬಿಡುವುದು ಬೇಡ.
- ಎಲ್ಲರಿಗೂ ಒಮ್ಮೆಲೇ ಬಿಡುವುದು ಬೇಡ. ಪ್ಲೇ ಸ್ಟೋರ್‌ನಲ್ಲಿ ಹಂತ ಹಂತವಾಗಿ ಬಿಡುವ ಸೌಲಭ್ಯ ಇದೆ.

---

ತಡೆ: ಲೋಡ್‌ಗೆ ಬೀಗ, ಪಟ್ಟಿಗೆ ಕರ್ಸರ್, ಚಿತ್ರಕ್ಕೆ ಥಂಬ್‌ನೇಲ್, ಸೋತಾಗ ಮರುಪ್ರಯತ್ನದ ಗುಂಡಿ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಬಿಡುಗಡೆ ಮಾಡಬಾರದು.